ಲೋಟಗಳ ಹಾಜರಿ

ಪುತ್ತೂರಿನ ಆಸ್ಪತ್ರೆಯಲ್ಲಿ ನನ್ನ ಪಿತ್ತಕೋಶವನ್ನು ತೆಗೆದರು. ಅದರ ಬಗ್ಗೆ ನನಗೆ ಯಾರ ಮೇಲೂ ಸಿಟ್ಟಿಲ್ಲ. ಅದರ ತುಂಬ ಕಲ್ಲುಗಳಿದ್ದವು, ತೆಗೆಯಲೇಬೇಕಿತ್ತು. ಅರಿವಳಿಕೆ ಕೊಡುವ ಡಾಕ್ಟರು ನನ್ನ ಮುಖಕ್ಕೆ ಮಾಸ್ಕ್ ಹಿಡಿದು, "ಟೀಚರ್, ನೀವು ಯಾವ ಪಾಠ ಮಾಡುದು?" ಎಂದು ಕೇಳಿದರು. ಹಿಂದಿ ಎಂದೆನೋ ಇಲ್ಲವೋ, ಎಚ್ಚರವಾದಾಗ ಎಲ್ಲ ಮುಗಿದಿತ್ತು. ಗಂಟಲು ಕೆರೆದುಹೋದಂತಿತ್ತು. ಹಲ್ಲು ಕಟಕಟಿಸುವಷ್ಟು ನಡುಕ. ನರ್ಸ್ ಇನ್ನೊಂದು ಕಂಬಳಿ ಹೊದಿಸಿ, ಇದೆಲ್ಲ ಇರುವುದೇ ಎಂದರು. ನಾನು ನಂಬಿದೆ.

ನನ್ನ ಸಿಟ್ಟು ಮನೆಗೆ ಬಂದ ಮೇಲೆ ನಡೆದದ್ದರ ಬಗ್ಗೆ, ಮತ್ತು ಅದು ಒಬ್ಬಳ ಮೇಲೆ ಮಾತ್ರ.

ನಮ್ಮ ಮನೆ ಕಡಬ ಪೇಟೆಯ ಹತ್ತಿರ. ನಾನು ಪ್ರೌಢಶಾಲೆಯಲ್ಲಿ ಹಿಂದಿ ಕಲಿಸುತ್ತೇನೆ. ಗಂಡನಿಗೆ ಪಂಪ್‌ಸೆಟ್ ರಿಪೇರಿಯ ಅಂಗಡಿ. ನಮಗೆ ಮಕ್ಕಳಿಲ್ಲ. ಹಾಗಾಗಿ ನನ್ನನ್ನು ನೋಡಿಕೊಳ್ಳಲು ಕಲ್ಲುಗುಂಡಿಯಿಂದ ಓರಗಿತ್ತಿ ಬಂದಳು. ನನ್ನ ಮೈದುನನ ಹೆಂಡತಿ. ಚುರುಕಿನ ಹೆಂಗಸು, ಕೈರುಚಿ ಚೆನ್ನಾಗಿದೆ. ಅಡುಗೆ ಮಾಡುವುದನ್ನು, ಸೀರೆ ಉಡುವುದನ್ನು, ಬೆಕ್ಕು ಮೀನು ತಿನ್ನುವುದನ್ನು ಎಲ್ಲ ಫೋನಿನಲ್ಲಿ ಹಿಡಿದು ರೀಲ್ಸ್ ಮಾಡಿ ಹಾಕುತ್ತಾಳೆ. ನೋಡುವವರು ಬಹಳ ಮಂದಿ. ಅವಳು ಬರುತ್ತಾಳೆಂದಾಗ ನನಗೆ ನಿಜವಾಗಿ ಸಮಾಧಾನವೇ ಆಗಿತ್ತು.

ಡಿಸ್ಚಾರ್ಜ್ ಆಗುವಾಗ ನನ್ನ ಗಂಡ ಔಷಧಿ ತರಲು ಕೆಳಗೆ ಹೋಗಿದ್ದರು. ನರ್ಸ್ ಎಲ್ಲವನ್ನೂ ಹೇಳಿದ್ದು ಓರಗಿತ್ತಿಯ ಹತ್ತಿರ. "ಮೂತ್ರ ಸರಿ ಹೋಗದಿದ್ರೆ, ಮಾತು ಅತ್ತಿತ್ತ ಆದ್ರೆ, ಮನೆಯವರ ಗುರ್ತ ಸಿಗದಿದ್ರೆ ಕೂಡ್ಲೇ ನಮಗೆ ಫೋನ್ ಮಾಡಿ. ನೋಡುವ ಅಂತ ಕಾಯುದು ಬೇಡ."

"ಆಯ್ತು ಸಿಸ್ಟರ್, ನಾನಿದ್ದೇನಲ್ಲ," ಎಂದಳು ಓರಗಿತ್ತಿ. ನಾನು ಮಂಚದ ಮೇಲೆ ಕೂತು ಕೇಳುತ್ತಿದ್ದೆ. ಆ ಮಾತು ನನಗೆ ಇವತ್ತಿಗೂ ಸ್ಪಷ್ಟ.

ಮನೆಗೆ ಬಂದ ಮಾರನೆಯ ಬೆಳಿಗ್ಗೆ ಕಿಟಕಿಯ ಪರದೆಯಲ್ಲಿದ್ದ ಹೂಗಳು ಮೆಲ್ಲಗೆ ಹರಿದಾಡತೊಡಗಿದವು. ಕಣ್ಣು ಮುಚ್ಚಿ ತೆರೆದರೆ ನಿಲ್ಲುತ್ತಿದ್ದವು, ಮತ್ತೆ ಶುರುವಾಗುತ್ತಿದ್ದವು. ಅರಿವಳಿಕೆ ಮೈಯಿಂದ ಇಳಿಯಬೇಕೆಂದು ಓರಗಿತ್ತಿ ತಾಸಿಗೊಮ್ಮೆ ಚೆಂಬು ತುಂಬ ನೀರು ಕುಡಿಸುತ್ತಿದ್ದಳು. ನೀರು ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ಕೆಳಹೊಟ್ಟೆ ಕಲ್ಲಿನಂತಾಗಿತ್ತು. ಬಚ್ಚಲಿನಿಂದ ಮೂರನೇ ಸಲ ಬರಿದೇ ವಾಪಸು ಬಂದಾಗ ಅವಳಿಗೆ ಹೇಳಿದೆ. "ಆಗ್ತದೆ ಅಕ್ಕ, ಟೆನ್ಶನ್ ಮಾಡ್ಬೇಡಿ," ಎಂದಳು.

ಗಂಡನಿಗೆ ನೆಲ್ಯಾಡಿಯಿಂದ ಕರೆ ಬಂತು. ರಬ್ಬರ್ ತೋಟದವರೊಬ್ಬರ ಮೋಟರು ಸುಟ್ಟುಹೋಗಿತ್ತು. ಗಂಡ ಹೊಸ್ತಿಲ ಹತ್ತಿರ ನಿಂತು ಓರಗಿತ್ತಿಯ ಹತ್ತಿರ, "ಇವಳು ಯಾಕೋ ಸರಿ ಇಲ್ಲ. ನಾನು ಹೋಗುದಾ ಬೇಡವಾ?" ಎಂದು ಕೇಳಿದರು.

"ಹೋಗಿ ಬನ್ನಿ ಭಾವ. ಅರಿವಳಿಕೆಯ ಮಂಪರು ಅಷ್ಟೆ," ಎಂದಳು ಅವಳು.

ಅವರ ಬೈಕು ಗೇಟು ದಾಟಿದ ಸದ್ದು ಕೇಳಿದ್ದು ನೆನಪಿದೆ. ಅಲ್ಲಿಂದ ಮುಂದಿನದು ನನ್ನ ತಲೆಯಲ್ಲಿ ಇಲ್ಲವೇ ಇಲ್ಲ. ಮತ್ತೆ ನೆನಪಿರುವುದು ಪುತ್ತೂರಿನ ಅದೇ ಆಸ್ಪತ್ರೆಯ ಬಿಳಿ ಸೂರು, ಕೈಗೆ ಡ್ರಿಪ್ಸ್, ಕೆಳಗೆ ಮೂತ್ರದ ನಳಿಕೆ.

ನಡುವೆ ಆದದ್ದನ್ನು ಗಂಡ ಹೇಳಿದರು. ದಾರಿಯಲ್ಲಿ ಮನಸ್ಸು ತಡೆಯದೆ ನನ್ನ ಫೋನಿಗೆ ಕರೆ ಮಾಡಿದ್ದರು. ರಿಂಗಾಗಿ ಕಟ್ಟಾಯಿತು. ಇನ್ನೊಮ್ಮೆ ಮಾಡಿದರು, ಯಾರೂ ಎತ್ತಲಿಲ್ಲ. ಮೋಟರು ಅಲ್ಲಿಯೇ ಇರಲಿ ಎಂದು ಅರ್ಧದಾರಿಯಿಂದ ತಿರುಗಿ ಬಂದರು. ನಾನು ಅಡುಗೆಮನೆಯ ನೆಲದಲ್ಲಿ ಕೂತಿದ್ದೆನಂತೆ. ಅವರನ್ನು ನೋಡಿ, "ಪಾಲಕರು ಹೊರಗೆ ನಿಲ್ಲಿ," ಎಂದೆನಂತೆ. ಪಕ್ಕದ ಮನೆಯವರ ಕಾರಿನಲ್ಲಿ ಮಲಗಿಸಿ ಕರೆದೊಯ್ದರು.

"ಮೂತ್ರ ಕಟ್ಟಿತ್ತು. ನೀರು ಅತಿಯಾಗಿ ರಕ್ತದಲ್ಲಿ ಸೋಡಿಯಂ ಇಳಿದಿತ್ತು," ಎಂದರು ಡಾಕ್ಟರು. "ಇನ್ನೂ ತಡ ಮಾಡಿದ್ರೆ ಫಿಟ್ಸ್ ಬರ್ತಿತ್ತು. ಬೆಳಿಗ್ಗೆಯೇ ಯಾಕೆ ಫೋನ್ ಮಾಡ್ಲಿಲ್ಲ?"

ಓರಗಿತ್ತಿ ಹಾಸಿಗೆಯ ಹತ್ತಿರವೇ ನಿಂತಿದ್ದಳು. "ನಮಗೆ ಗೊತ್ತಾಗ್ಲಿಲ್ಲ ಡಾಕ್ಟ್ರೇ," ಎಂದಳು. ನಾನದನ್ನು ನಂಬಿದೆ. ಗಾಬರಿಯಲ್ಲಿ ಅವಳಿಗೆ ತೋಚದೆ ಹೋಗಿರಬೇಕು ಎಂದುಕೊಂಡೆ. ಅವಳು ಊರಿಗೆ ಹೊರಟಾಗ ಒಂದು ಸೀರೆಯನ್ನೂ ಕೊಟ್ಟೆ.

ಗಾಯ ಮಾಗಿ ಶಾಲೆಗೆ ಹೋದ ಮೊದಲ ದಿನ ಒಂಬತ್ತನೇ ತರಗತಿಯಲ್ಲಿ ಹಾಜರಿ ಕರೆಯುತ್ತಿದ್ದೆ. ಹಿಂದಿನ ಬೆಂಚಿನಿಂದ ಯಾರೋ ಸಣ್ಣ ದನಿಯಲ್ಲಿ, "ಲೋಟ ಪ್ರೆಸೆಂಟ್ ಟೀಚರ್," ಎಂದರು. ಇಡೀ ತರಗತಿ ಬಾಯಿಗೆ ಕೈ ಅಡ್ಡ ಹಿಡಿದು ಅಲುಗಾಡಿತು. ನನಗೆ ತಲೆಬುಡ ಅರ್ಥವಾಗಲಿಲ್ಲ. ಸ್ಟಾಫ್ ರೂಮಿನಲ್ಲಿ ಗಣಿತದ ಟೀಚರ್ ನನ್ನನ್ನು ಕಿಟಕಿಯ ಹತ್ತಿರ ಕರೆದು, "ಬೇರೆಯವರು ತೋರಿಸುವುದಕ್ಕಿಂತ ನಾನು ತೋರಿಸುದು ಒಳ್ಳೆದು," ಎಂದು ತಮ್ಮ ಫೋನು ಕೊಟ್ಟರು.

ಓರಗಿತ್ತಿ ಹಾಕಿದ ರೀಲ್. ನಮ್ಮ ಅಡುಗೆಮನೆ. ನಾನು, ಗುಂಡಿ ತಪ್ಪಾಗಿ ಹಾಕಿದ ನೈಟಿಯಲ್ಲಿ, ಬಿಚ್ಚಿದ ಕೂದಲಲ್ಲಿ, ನೆಲದ ಮೇಲೆ ಸ್ಟೀಲ್ ಲೋಟಗಳನ್ನು ಸಾಲಾಗಿ ಇಟ್ಟು ನಂಬರ್ ಕರೆಯುತ್ತಿದ್ದೆ. ಒಂದು ಲೋಟ ಉತ್ತರ ಕೊಡಲಿಲ್ಲವೆಂದು ಅದನ್ನು ಎತ್ತಿ ಮೂಲೆಯಲ್ಲಿ ನಿಲ್ಲಿಸಿದೆ. ಕೆಳಗೆ ನಗುವ ಮುಖಗಳು, ಮೇಲೆ ಬರಹ: ಆಪರೇಶನ್ ಆದ ಮೇಲೂ ನಮ್ಮ ಟೀಚರಕ್ಕನ ಡ್ಯೂಟಿ.

ಇಷ್ಟು ವರ್ಷ ಆ ಮಕ್ಕಳ ಮುಂದೆ ಸೆರಗು ಒಂದು ಬೆರಳು ಜಾರದ ಹಾಗೆ ನಿಂತವಳು ನಾನು. ಅಳು ಬರಲಿಲ್ಲ. ಅವಳನ್ನು ಬಿಡುವುದಿಲ್ಲ ಎಂಬುದೊಂದೇ ಬಂತು, ಬಹಳ ಶಾಂತವಾಗಿ.

ಗಂಡ ಕೂಡಲೇ ತಮ್ಮನಿಗೆ ಫೋನ್ ಮಾಡಿ ಬೈಯಲು ಹೊರಟರು. ಬೇಡ ಎಂದೆ. ಬೈದರೆ ಅವಳು ಅಳಿಸಿಹಾಕುತ್ತಾಳೆ, ಒಂದು ಕ್ಷಮೆ ಕೇಳುತ್ತಾಳೆ, ಮುಗಿಯುತ್ತದೆ. ನನಗೆ ಮುಗಿಯುವುದು ಬೇಕಿರಲಿಲ್ಲ. ನಾನೇ ಅವಳಿಗೆ ಫೋನ್ ಮಾಡಿ ನಗುತ್ತ ಹೇಳಿದೆ, "ಎಂತ ಮಾರಾಯ್ತಿ, ನನ್ನನ್ನು ಫೇಮಸ್ ಮಾಡಿದ್ದಿಯಂತೆ. ನನಗೂ ಕಳಿಸು. ಕಟ್ ಮಾಡಿದ್ದು ಬೇಡ, ಪೂರ್ತಿ ಇರುದನ್ನು ಕಳಿಸು."

ಅವಳಿಗೆ ಜೀವ ಬಂದಂತಾಯಿತು. "ನೀವು ಬೇಜಾರು ಮಾಡ್ತೀರೋ ಅಂತ ಇತ್ತು ಅಕ್ಕ. ಈಗ ಕಳಿಸ್ತೇನೆ," ಎಂದಳು. ಕಳಿಸಿದಳು. ತಾನು ಏನು ಹಿಡಿದಿದ್ದೇನೆ ಎಂಬುದು ಅವಳಿಗೇ ಮರೆತಿರಬೇಕು.

ಕೋಣೆಯ ಬಾಗಿಲು ಹಾಕಿ ಪೂರ್ತಿ ನೋಡಿದೆ. ಲೋಟಗಳ ಹಾಜರಿಯ ನಂತರ ನಾನು ಹೊಟ್ಟೆ ಹಿಡಿದು ಬಾಗುತ್ತೇನೆ. "ಮೂತ್ರ ಹೋಗ್ತಾ ಇಲ್ಲ. ಇವರನ್ನು ಕರಿ, ಆಸ್ಪತ್ರೆಗೆ ಹೋಗುವ," ಎನ್ನುತ್ತೇನೆ. ಅಷ್ಟು ಬುದ್ಧಿ ನನ್ನಲ್ಲಿ ಆಗಲೂ ಉಳಿದಿತ್ತು. ಫೋನಿನ ಹಿಂದಿನಿಂದ ಅವಳ ದನಿ: "ಹೋಗುವ ಅಕ್ಕ. ಅದಕ್ಕೆ ಮೊದಲು ಇನ್ನೊಮ್ಮೆ ಹಾಜರಿ ಕರೀರಿ ನೋಡುವ." ನಾನು ಮತ್ತೆ ಕರೆಯುತ್ತೇನೆ. ಅಷ್ಟರಲ್ಲಿ ಕಟ್ಟೆಯ ಮೇಲಿದ್ದ ನನ್ನ ಫೋನು ರಿಂಗಾಗುತ್ತದೆ, ಪರದೆಯಲ್ಲಿ ಗಂಡನ ಫೋಟೊ. "ಅಯ್ಯೋ, ಈಗಲೇ ಬರ್ಬೇಕಾ ಇದು," ಎಂಬ ಮಾತು. ಬಳೆ ತೊಟ್ಟ ಕೈಯೊಂದು ಬಂದು ಕರೆಯನ್ನು ಕಟ್ ಮಾಡುತ್ತದೆ.

ನನ್ನ ಆ ಮಧ್ಯಾಹ್ನ ನನ್ನ ಬಳಿ ಇಲ್ಲ. ಅದು ಇರುವುದು ಅವಳು ತೆಗೆದದ್ದರಲ್ಲಿ ಮಾತ್ರ. ಎಷ್ಟು ಸಲ ನೋಡಿದೆನೆಂದರೆ ಆ ಕೈಯ ಬಳೆಗಳ ಬಣ್ಣ ಕೂಡ ಬಾಯಿಪಾಠವಾಯಿತು.

ಆಮೇಲೆ ತಿಂಗಳುಗಟ್ಟಲೆ ನಾನು ಒಳ್ಳೆಯವಳಾಗಿದ್ದೆ. ಅವಳ ಅಡುಗೆಯ ವೀಡಿಯೋಗಳಿಗೆ ಲೈಕ್ ಒತ್ತಿದೆ. ಯಾರದ್ದಾದರೂ ಮದುವೆಯಲ್ಲಿ ಲೋಟದ ತಮಾಷೆ ಬಂದರೆ ಎಲ್ಲರಿಗಿಂತ ಮೊದಲು ನಕ್ಕೆ. ಗಂಡನಿಗೆ ನನ್ನ ನಗು ಹಿಡಿಸಲಿಲ್ಲ. "ನಿನ್ನ ಮನಸ್ಸಲ್ಲಿ ಎಂತ ಉಂಟು ಹೇಳು," ಎಂದರು. ಎಂತದೂ ಇಲ್ಲ ಎಂದೆ.

ಕಲ್ಲುಗುಂಡಿಯಲ್ಲಿ ಅವರು ಹೊಸ ಮನೆ ಕಟ್ಟಿಸಿ ಗೃಹಪ್ರವೇಶದ ಒಕ್ಕಲಿಗೆ ಕರೆದರು. ಚಾವಡಿಯ ಗೋಡೆಯಲ್ಲಿ ಬಾಗಿಲಿನಷ್ಟು ಅಗಲದ ಟಿವಿ. ಊಟವಾಗಿ ಎಲ್ಲರೂ ಎಲೆ ಅಡಿಕೆ ಹಿಡಿದು ಅದರ ಮುಂದೆ ಕೂತಿದ್ದರು: ಎರಡೂ ಕಡೆಯ ನೆಂಟರು, ಅವಳ ತಾಯಿ, ಸುಳ್ಯದ ಅವಳ ಗೆಳತಿಯರು. ಅವಳ ಅಣ್ಣ ನನ್ನನ್ನು ನೋಡಿ, "ಟೀಚರೇ, ಈ ಮನೆಯ ಲೋಟಗಳ ಹಾಜರಿ ಆಯ್ತಾ?" ಎಂದ. ಎಲ್ಲರೂ ನಕ್ಕರು.

"ಪೂರ್ತಿ ನೋಡ್ಲಿಲ್ಲ ಅಲ್ವಾ ನೀವು," ಎಂದೆ. "ನನ್ನ ಹತ್ತಿರ ಪೂರ್ತಿ ಉಂಟು."

ಶಾಲೆಯ ಸ್ಮಾರ್ಟ್ ಬೋರ್ಡಿನಲ್ಲಿ ದಿನವೂ ಮಾಡುವ ಕೆಲಸ. ಫೋನಿನಿಂದ ಟಿವಿಗೆ ಹಾಕುವುದು ನನಗೆ ಕಷ್ಟವಾಗಲಿಲ್ಲ. ಸದ್ದನ್ನು ಏರಿಸಿ ರಿಮೋಟನ್ನು ಮಡಿಲಲ್ಲಿ ಇಟ್ಟುಕೊಂಡೆ.

ಹಾಜರಿ ಮುಗಿಯುವವರೆಗೆ ಚಾವಡಿ ನಗುತ್ತಿತ್ತು. ಓರಗಿತ್ತಿ ಪಾಯಸದ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತು ತಾನೂ ನಗುತ್ತಿದ್ದಳು. ಟಿವಿಯಲ್ಲಿ ನಾನು ಹೊಟ್ಟೆ ಹಿಡಿದು ಬಾಗಿದಾಗ ಅವಳಿಗೆ ನೆನಪಾಯಿತು. ಮುಖದ ಬಣ್ಣ ಇಳಿಯುವುದನ್ನು ಕಣ್ಣಾರೆ ಕಂಡೆ. "ಸಾಕು ಅಕ್ಕ, ಆಫ್ ಮಾಡಿ," ಎಂದಳು. ನಾನು ಕೈ ಅಲುಗಿಸಲಿಲ್ಲ. ನನ್ನ ಮೂತ್ರದ ಮಾತನ್ನು ಅಷ್ಟು ಗಂಡಸರು ಕೇಳಿದರು, ಕೇಳಲಿ ಎಂದುಕೊಂಡೆ. ನಂತರ ಅವಳದ್ದೇ ದನಿ, ಟಿವಿಯ ದೊಡ್ಡ ಸ್ಪೀಕರಿನಲ್ಲಿ: ಇನ್ನೊಮ್ಮೆ ಹಾಜರಿ ಕರೀರಿ ನೋಡುವ. ನಂತರ ಫೋನಿನ ರಿಂಗು, ಬಳೆಯ ಕೈ.

ಮೈದುನ ತಲೆ ತಗ್ಗಿಸಿದ. ನನ್ನ ಗಂಡ ಎದ್ದು ಅಂಗಳಕ್ಕೆ ಹೋದರು. ತಮ್ಮ ಕರೆ ಯಾಕೆ ಕಟ್ಟಾಯಿತೆಂದು ಅವರಿಗೆ ಗೊತ್ತಾದದ್ದು ಆಗಲೇ. ಅವಳ ತಾಯಿಯೇ ಕೊನೆಗೆ ಕೇಳಿದರು, "ಅವಳು ಆಸ್ಪತ್ರೆ ಆಸ್ಪತ್ರೆ ಅಂತ ಹೇಳುವಾಗ ನೀನು ಎಂತ ಮಾಡ್ತಾ ಇದ್ದದ್ದು ಮಗಾ?"

ಓರಗಿತ್ತಿ ಪಾತ್ರೆಯನ್ನು ಅಲ್ಲಿಯೇ ನೆಲದಲ್ಲಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಳುವುದು ಹೊರಗೆ ಕೇಳುತ್ತಿತ್ತು. ನಾನು ಎದ್ದು ಆ ಪಾತ್ರೆಯಿಂದ ಒಂದು ಸೌಟು ಪಾಯಸ ಬಡಿಸಿಕೊಂಡು ಕೂತು ತಿಂದೆ. ಏಲಕ್ಕಿ ಸ್ವಲ್ಪ ಹೆಚ್ಚಾಗಿತ್ತು, ಆದರೂ ಬಹಳ ರುಚಿಯಾಗಿತ್ತು.

ವಾಪಸು ಬರುವ ದಾರಿಯಲ್ಲಿ ಸುಳ್ಯ ದಾಟಿದ ಮೇಲೆ ಗಂಡ, "ಒಕ್ಕಲಿನ ದಿನವೇ ಆಗ್ಬೇಕಿತ್ತಾ?" ಎಂದರು.

"ಆಗ್ಬೇಕಿತ್ತು."

"ನನಗೆ ಮೊದಲೇ ಹೇಳ್ಬಹುದಿತ್ತು."

"ಹೇಳಿದ್ರೆ ನೀವು ಬಿಡ್ತಿರ್ಲಿಲ್ಲ."

ಮೈದುನ ಎರಡು ಸಲ ಫೋನ್ ಮಾಡಿ ಅದನ್ನು ಅಳಿಸಿಬಿಡಿ ಅತ್ತಿಗೆ ಎಂದು ಕೇಳಿದ. ಆಗುವುದಿಲ್ಲ ಎಂದೆ. ಅವಳ ರೀಲ್ಸ್ ನಿಂತವು. ನಿಲ್ಲಿಸಿದ್ದು ಅವಳ ಗಂಡನೋ ತಾಯಿಯೋ ತಿಳಿಯದು. ಶಾಲೆಯಲ್ಲಿ ಮಕ್ಕಳು ಲೋಟವನ್ನು ಮರೆತು ಬೇರೆ ಯಾರನ್ನೋ ಹಿಡಿದುಕೊಂಡರು.

ದೀಪಾವಳಿ ಕಳೆದ ಮೇಲೆ ಒಂದು ದಿನ ಅವಳು ಒಬ್ಬಳೇ ನಮ್ಮ ಮನೆಗೆ ಬಂದಳು. ಸೊರಗಿದ್ದಳು. ಕೂತವಳೇ, "ತಪ್ಪಾಯ್ತು ಅಕ್ಕ. ನನಗೆ ಅದು ತಮಾಷೆ ಹಾಗೆ ಕಂಡದ್ದು. ನೀವು ಸಾಯ್ಬಹುದು ಅಂತ ಹೊಳೀಲೇ ಇಲ್ಲ," ಎಂದು ಕಣ್ಣೊರೆಸಿಕೊಂಡಳು. ಅದು ನಿಜವಿರಬಹುದು. ನಾನು ಚಹಾ ಮಾಡಿಕೊಟ್ಟೆ. ಕಾಣಿಯೂರಿನ ನೆಂಟರ ಕ್ಷೇಮ ಕೇಳಿದೆ, ರಸ್ತೆ ಅಗಲ ಮಾಡುವ ಕೆಲಸ ಎಲ್ಲಿವರೆಗೆ ಬಂತೆಂದು ಕೇಳಿದೆ. ಅವಳು ಉತ್ತರ ಕೊಡುತ್ತ ನನ್ನ ಮುಖವನ್ನೇ ನೋಡುತ್ತಿದ್ದಳು. ಪರವಾಗಿಲ್ಲ ಎಂಬ ಒಂದು ಮಾತಿಗೆ ಕಾಯುತ್ತಿದ್ದಾಳೆಂದು ಗೊತ್ತಿತ್ತು. ಪಂಜದ ದಾರಿಯ ಬಸ್ಸು ಬರುವವರೆಗೂ ಕಾದಳು. ನಾನು ಗೇಟಿನವರೆಗೆ ಹೋಗಿ ಅವಳನ್ನು ಬಸ್ಸು ಹತ್ತಿಸಿದೆ. ಆ ಮಾತನ್ನು ಮಾತ್ರ ಆಡಲಿಲ್ಲ.