ಹೆಸರು ಹೇಳದ ದೊಡ್ಡವ್ವ

ದೊಡ್ಡವ್ವನ ಹುಬ್ಬಿನ ಮೇಲೆ, ಕಿವಿಯ ಹಿಂದೆ, ಮೂಗುತಿಯ ಸಂದಿಯಲ್ಲಿ ಯಾವಾಗಲೂ ಹತ್ತಿಯ ಎಳೆಗಳು ಅಂಟಿಕೊಂಡಿರುತ್ತಿದ್ದವು. ಐವತ್ತು ದಾಟದ ಹೆಂಗಸು ದೂರದಿಂದ ಹಣ್ಣುಮುದುಕಿಯಂತೆ ಕಾಣುತ್ತಿದ್ದಳು. ಹತ್ತಿರ ಬಂದಾಗಲೇ ಆ ಬಿಳುಪಿನ ನಡುವಿನ ಚುರುಕು ಕಣ್ಣು ಕಾಣುತ್ತಿದ್ದುದು. ಎಂಜಿನಿನ ಸದ್ದಿನಲ್ಲೇ ವರ್ಷಗಳನ್ನು ಕಳೆದು ಒಂದು ಕಿವಿ ಮಂದವಾಗಿತ್ತು. ಗುಟ್ಟಿನ ಮಾತನ್ನೂ ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು.

ಮಸ್ಕಿಯ ಹತ್ತಿ ಮಿಲ್ಲಿನಲ್ಲಿ ನಾನು ತೂಕ ಮಾಡುವವನಾಗಿ ಸೇರಿದಾಗ ನಿಜಾಮರ ಆಳ್ವಿಕೆ ಮುಗಿದು ಹೆಚ್ಚು ದಿನ ಆಗಿರಲಿಲ್ಲ. ಅಲ್ಲಿ ಹತ್ತಿಯಿಂದ ಕಾಳು ಬಿಡಿಸುವ ಯಂತ್ರಗಳ ಮುಂದೆ ಸಾಲಾಗಿ ಹೆಂಗಸರು ಕೂರುತ್ತಿದ್ದರು. ಆ ಸಾಲಿಗೆಲ್ಲ ಹಿರಿಯಳು ದೊಡ್ಡವ್ವ. ಹೊಸದಾಗಿ ಬಂದವರನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಯಂತ್ರಕ್ಕ ಕಣ್ಣಿಲ್ಲವ್ವ, ನಿನಗದಾವ. ಸೆರಗು ಬಿಗಿ ಕಟ್ಟು" ಎನ್ನುತ್ತಿದ್ದಳು. ಯಾರದಾದರೂ ಕೂಸು ಅತ್ತರೆ ಅವಳೇ ಎದ್ದು, "ಹೋಗು, ಹಾಲು ಕೊಟ್ಟು ಬಾ" ಎಂದು ಅವರ ಯಂತ್ರಕ್ಕೂ ತಾನೇ ಹತ್ತಿ ಉಣಿಸುತ್ತಿದ್ದಳು. ನನ್ನ ಹೆಂಡತಿ ಚೊಚ್ಚಲ ಬಸುರಿಯಾದಾಗ ನಮ್ಮ ಮನೆಯಲ್ಲಿ ಹಿರಿಯರಿರಲಿಲ್ಲ. ಮಿಲ್ಲು ಬಿಟ್ಟೊಡನೆ ದೊಡ್ಡವ್ವ ದಿನಾ ಬಂದು ಹೋಗುತ್ತಿದ್ದಳು. ನನ್ನ ಮಗಳನ್ನು ಮೊದಲು ಎತ್ತಿಕೊಂಡದ್ದು ಅವಳೇ.

ಅವಳಿಗೆ ಮಕ್ಕಳಿರಲಿಲ್ಲ. ತೀರಿಹೋದ ತಂಗಿಯ ಮಗಳನ್ನು ಸಾಕಿ, ಮದುವೆ ಮಾಡಿ, ಅಳಿಯನನ್ನೂ ಮನೆಯಲ್ಲೇ ಇಟ್ಟುಕೊಂಡಿದ್ದಳು. ಆ ಹುಡುಗಿಯೂ ಮಿಲ್ಲಿನಲ್ಲಿ ಅವಳ ಪಕ್ಕದ ಯಂತ್ರಕ್ಕೆ ಕೂರುತ್ತಿದ್ದಳು.

ಮಿಲ್ಲಿನ ಮಾಲೀಕ ಬದಲಾದ. ಹೊರಗಿನಿಂದ ಒಬ್ಬ ಮ್ಯಾನೇಜರ್ ಬಂದ. ಮೃದು ಮಾತಿನವನು, ಎಂದೂ ದನಿ ಎತ್ತಿದವನಲ್ಲ. ಕನ್ನಡ ಬಾರದ್ದರಿಂದ, ಉರ್ದು ಕಲಿತಿದ್ದ ನನ್ನನ್ನು ದುಭಾಷಿಯಾಗಿ ಕರೆಯುತ್ತಿದ್ದ. ಹೊಸ ಯಂತ್ರಗಳು ಬರುತ್ತವೆ, ಅರ್ಧ ಮಂದಿ ಸಾಕು ಎಂಬ ಸುದ್ದಿ ಮೊದಲು ಹಬ್ಬಿತು. ಹೌದೆಂದು ಹೇಳುವವರಿಲ್ಲ, ಅಲ್ಲವೆಂದು ಹೇಳುವವರೂ ಇಲ್ಲ. ಹೆಂಗಸರು ಕೇಳಿದರೆ, ಆಳುಗಳ ಮೇಲ್ವಿಚಾರಕನಾಗಿದ್ದ ಜಮಾದಾರ, "ಮ್ಯಾನೇಜರ್ ಸಾಹೇಬ್ರಿಗೆ ಗೊತ್ತು" ಎನ್ನುವನು. ಮ್ಯಾನೇಜರನನ್ನು ಕೇಳಿದರೆ, "ಮಾಲೀಕರಿಗೆ ಗೊತ್ತು" ಎನ್ನುವನು. ಸಾಲಿನಲ್ಲಿ ನಗು ನಿಂತಿತು. ಕೂಸು ಅತ್ತರೂ ಏಳಲು ಹೆದರತೊಡಗಿದರು.

ಒಂದು ಮಧ್ಯಾಹ್ನ ಮ್ಯಾನೇಜರ್ ದೊಡ್ಡವ್ವನನ್ನು ಆಫೀಸಿಗೆ ಕರೆಸಿ ಕುರ್ಚಿ ಕೊಟ್ಟ, ಚಹಾ ತರಿಸಿದ. ಅವಳು ಕುರ್ಚಿಯ ಅಂಚಿಗೆ ಕೂತಳು, ಚಹಾ ಮುಟ್ಟಲಿಲ್ಲ. ಅವನು ಬಹಳ ಹೊತ್ತು ಮಾತಾಡಿದ. ಇದು ಒಂದೇ ಮನೆ ಇದ್ದ ಹಾಗೆ, ಮನೆಯ ಕಷ್ಟ ಹಿರಿಯರೇ ಅರಿಯಬೇಕು, ಯಾರಿಗೂ ನೋವಾಗದಂತೆ ನಡೆಯಬೇಕು ಎಂದೆಲ್ಲ. ಕೊನೆಗೆ ಬಂದ ಮಾತನ್ನು ನಾನು ಕನ್ನಡಕ್ಕೆ ತರಬೇಕಾಯಿತು.

"ಯಾರ್ಯಾರನ್ನ ಬಿಡಿಸಬೇಕು, ನೀನೇ ಹೇಳು ಅನ್ನಾಕತ್ಯಾರ, ದೊಡ್ಡವ್ವ."

ಕೇಳಿಸಲಿಲ್ಲವೇನೋ ಎಂದು ಮತ್ತೊಮ್ಮೆ ಹೇಳಿದೆ. ಅವಳಿಗೆ ಕೇಳಿಸಿತ್ತು.

"ಅವರ ಕೈಯಾಗ ಉಂಡೀನಿ, ನನ್ನ ಕೈಯಾಗ ಅವರು ಉಂಡಾರ. ಯಾರು ಬ್ಯಾಡ ಅಂತ ಹೇಳಲಿ? ನಿಮಗ ಬ್ಯಾಡಾದ್ರ ನಿಮ್ಮ ಬಾಯಿಲೇ ಹೇಳ್ರಿ ಸಾಹೇಬ್ರ. ಹೇಳಾಕ ನಾಚಿಕಿ ಬರ್ತದಂದ್ರ ಮಾಡಬ್ಯಾಡ್ರಿ."

ನಾನು ಒಂದಕ್ಷರ ಬಿಡದೆ ಉರ್ದುವಿಗೆ ತಂದೆ. ಮ್ಯಾನೇಜರ್ ನಗುತ್ತಲೇ ತಲೆಯಾಡಿಸಿ ಅವಳನ್ನು ಕಳುಹಿಸಿದ.

ಎರಡು ದಿನ ಬಿಟ್ಟು ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿದರು. ಜಮಾದಾರ ಹೋಗಬೇಕಾದವರ ಹೆಸರು ಕೂಗಿದ. ದೊಡ್ಡವ್ವನ ತಂಗಿಮಗಳ ಹೆಸರೇ ಮೊದಲು ಬಂತು. ದೊಡ್ಡವ್ವನ ಹೆಸರು ಬರಲೇ ಇಲ್ಲ. ಆಮೇಲೆ ಮ್ಯಾನೇಜರ್ ಮೆಟ್ಟಿಲ ಮೇಲೆ ನಿಂತು ಒಂದು ಮಾತಾಡಿದ, ನಾನು ಕನ್ನಡದಲ್ಲಿ ಹೇಳಿದೆ: "ನಿಮ್ಮ ಹಿರಿಯಾಕಿನ್ನ ಕೇಳೇ ಇದನ್ನ ಮಾಡೀವಿ ಅಂತಾರ." ಹೇಳಿ, ಅಲ್ಲಿಯೇ, "ಆಕಿ ಯಾರ ಹೆಸರೂ ಹೇಳಿಲ್ಲ, ನಾ ಅಲ್ಲೇ ಇದ್ದೆ" ಎಂದು ಕೂಗಿದೆ.

"ನೀ ಅವರ ಬಾಯಿ. ನಿನ್ನ ಕೆಲಸ ಉಳದೈತಿ, ಏನರ ಅಂತೀಯಪ್ಪ" ಎಂದಳೊಬ್ಬಳು.

ತಂಗಿಮಗಳು ದೊಡ್ಡವ್ವನನ್ನೇ ನೋಡುತ್ತಿದ್ದಳು. "ನ್ಯಾಯವಂತಿ ಅನಿಸಿಕೊಳ್ಳಾಕ ನನ್ನ ಹೆಸರ ಮೊದಲ ಹೇಳಿಯೇನು?" ಎಂದಳು. ದೊಡ್ಡವ್ವ ಅವಳತ್ತ ಕೈ ಚಾಚಿದಳು, ಹುಡುಗಿ ಹಿಂದೆ ಸರಿದಳು.

ಮರುದಿನ ಕೆಲಸ ಹೋದವರೆಲ್ಲ ಮಿಲ್ಲಿನ ಗೋಡೆಯ ನೆರಳಿಗೆ ಕೂತಿದ್ದರು. ದೊಡ್ಡವ್ವ ಒಳಗೆ ಹೋಗಲಿಲ್ಲ. ಬುತ್ತಿ ಗಂಟು ಹಿಡಿದು ಬಂದು ಅವರ ನಡುವೆ ಕೂತಳು. ಮೊದಲು ಎದ್ದು ಹೋದವಳು ತಂಗಿಮಗಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಸ್ವಲ್ಪ ಹೊತ್ತಿಗೆ ಆ ನೆರಳಿನಲ್ಲಿ ದೊಡ್ಡವ್ವ ಒಬ್ಬಳೇ ಉಳಿದಳು. ಮಿಲ್ಲು ಬಿಡುವವರೆಗೂ ಅಲ್ಲೇ ಇದ್ದಳು. ಮತ್ತೆಂದೂ ಮಿಲ್ಲಿನ ಬಾಗಿಲು ದಾಟಲಿಲ್ಲ.

ಅಂದು ಸಂಜೆ ನಾನು, ನನ್ನ ಹೆಂಡತಿ ಅವಳ ಮನೆಗೆ ಹೋದೆವು. ತಂಗಿಮಗಳು, ಅಳಿಯ ಗಂಟುಮೂಟೆ ಕಟ್ಟಿಕೊಂಡು ಹೊರಟುಹೋಗಿದ್ದರು. "ಮನಿಮನಿಗೆ ಹೋಗಿ ಹೇಳೋಣ ನಡಿ" ಎಂದು ನಾನು ಸಿಟ್ಟಿನಿಂದ ಕುದಿಯುತ್ತಿದ್ದೆ.

"ಬ್ಯಾಡ ತಮ್ಮಾ" ಎಂದಳು. "ಅವರ ಹೊಟ್ಟಿಗೆ ಬೆಂಕಿ ಬಿದ್ದೈತಿ, ಸಿಟ್ಟು ಯಾರ ಮ್ಯಾಲರ ತೀರಿಸಬೇಕಲ್ಲ? ಮ್ಯಾನೇಜರ್ ಅವರ ಕೈಗೆ ಸಿಗಂಗಿಲ್ಲ. ನಾ ಸಿಗತೀನಿ."

ಅಂಗಳದಲ್ಲಿ ನಾನು ಕೂಗಿದ್ದನ್ನು ಜಮಾದಾರ ಮ್ಯಾನೇಜರನಿಗೆ ಮುಟ್ಟಿಸಿದ್ದ. ಯುಗಾದಿ ಬರುವುದರೊಳಗೆ ನನ್ನ ಕೆಲಸವೂ ಹೋಯಿತು. ಮುಂದೆ ಪಾಮನಕಲ್ಲೂರಿನಲ್ಲಿ ಮಾಸ್ತರನಾದೆ. ಆ ಹೊತ್ತಿಗೆ ಸಿಂಧನೂರಿನ ಕಡೆ ತುಂಗಭದ್ರಾ ಕಾಲುವೆ ಅಗೆಯುವ ಕೆಲಸ ನಡೆದಿತ್ತು. ಮಿಲ್ಲಿನಿಂದ ಬಿಟ್ಟವರಲ್ಲಿ ಹಲವರು ಅಲ್ಲಿ ಮಣ್ಣು ಹೊರಲು ಸೇರಿದ್ದರು. ತಂಗಿಮಗಳೂ ಅಲ್ಲಿದ್ದಾಳೆಂದು ತಿಳಿದು ದೊಡ್ಡವ್ವ ಒಂದು ದಿನ ಮನೆಗೆ ಕದ ಹಾಕಿಕೊಂಡು ಅಲ್ಲಿಗೇ ಹೋದಳು. ಹುಡುಗಿ ಮಾತಾಡಿಸಲಿಲ್ಲವಂತೆ. ದೊಡ್ಡವ್ವ ಬೇರೆ ಗುಂಪಿನಲ್ಲಿ ಬುಟ್ಟಿ ಹೊತ್ತಳು, ಆ ವಯಸ್ಸಿನಲ್ಲಿ. ಹುಡುಗಿ ಕಣ್ಣಿಗೆ ಬೀಳುವಷ್ಟು ದೂರದಲ್ಲಿದ್ದರೆ ಸಾಕೆಂದಿರಬೇಕು.

ಚಳಿಜ್ವರದಿಂದ ದೊಡ್ಡವ್ವ ತೀರಿಹೋದಳೆಂಬ ಸುದ್ದಿ ಬಂದು ನಾನು ಬಸ್ಸು ಹಿಡಿದು ಸಿಂಧನೂರು ಮುಟ್ಟುವುದರೊಳಗೆ ಮಣ್ಣು ಮಾಡಿ ಮುಗಿದಿತ್ತು. ತಂಗಿಮಗಳು ತನ್ನ ಗುಡಿಸಲಿನ ಮುಂದೆ ಕೂತಿದ್ದಳು. ಜ್ವರ ಏರಿದಾಗ ಇವಳೇ ದೊಡ್ಡವ್ವನನ್ನು ಒಳಗೆ ತಂದು ಮಲಗಿಸಿ, ಗಂಜಿ ಕುಡಿಸಿ ನೋಡಿಕೊಂಡಿದ್ದಳಂತೆ.

"ಆಮ್ಯಾಲ ಕೊನಿತನಕ ನಾ ಕೇಳಲಿಲ್ಲ, ಆಕಿ ಹೇಳಲಿಲ್ಲ" ಎಂದಳು. "ನೀ ಅಲ್ಲಿದ್ದಿ. ಖರೇ ಹೇಳಣ್ಣ, ಆಕಿ ನನ್ನ ಹೆಸರ ಹೇಳಿದ್ಲೇನು?"

ಆ ಮಧ್ಯಾಹ್ನ ನಡೆದದ್ದನ್ನೆಲ್ಲ ಹೇಳಿದೆ. ಕೇಳುತ್ತ ಕೇಳುತ್ತ ಅವಳು ಎರಡೂ ಕೈಯಿಂದ ನೆಲವನ್ನು ಹಿಡಿದುಕೊಂಡಳು. ಆಮೇಲೆ ಎದ್ದು, ಕಾಲುವೆಯ ದಂಡೆಗೆ ಓಡಿ, ನಮ್ಮ ಮಿಲ್ಲಿನ ಹೆಂಗಸರನ್ನೆಲ್ಲ ಕೂಗಿ ಕರೆದಳು. ಅವರು ಬುಟ್ಟಿ ಇಳಿಸಿ ಬಂದು ಸುತ್ತ ನಿಂತರು.

"ಇವರಿಗೂ ಹೇಳು" ಎಂದಳು ನನಗೆ. "ಮೊದಲಿಂದ ಹೇಳು."

ಮೊದಲಿನಿಂದ ಹೇಳಿದೆ. ಈ ಸಲ ಯಾರೂ ಎದುರಾಡಲಿಲ್ಲ.