ಹಿಂಬದಿ ಬಿಚ್ಚಿದ ಪೇಟ

ತಪ್ಪು ನನ್ನದು. ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ನೀವು ತುಸು ಕರುಣೆಯಿಂದ ಓದೀರಿ ಎಂಬ ಆಸೆಯಿಂದ ಹೇಳುತ್ತಿದ್ದೇನೆ, ಗೆಳೆಯರೇ: ಆರೂಕಾಲು ಅಡಿಯ ಹುಡುಗನೊಬ್ಬ ಕಾಲೇಜು ಮುಗಿಯಲು ಒಂದು ವರ್ಷ ಇರುವಾಗಲೇ ವೃತ್ತಿಪರ ಫುಟ್‌ಬಾಲ್‌ಗೆ ಧುಮುಕಿ ಮುಗ್ಗರಿಸಿದ್ದರಲ್ಲಿ ನನ್ನ ಗಂಟಲಿನ ಪಾಲಿದೆ. ಅದಕ್ಕೆ ಸಾಕ್ಷಿಯಾಗಿ, ಕಳೆದ ಡಿಸೆಂಬರಿನ ಒಂದು ಶನಿವಾರ ಬೆಳಿಗ್ಗೆ ಆಸ್ಟಿನ್ನಿನಿಂದ ಕೇಟಿ ಎಂಬ ಊರಿಗೆ ಹೊರಟ ನನ್ನ ಕಾರಿನ ಮುಂದಿನ ಸೀಟಿನಲ್ಲಿ ಒಂದು ಮೈಸೂರು ಪೇಟ ಸೀಟ್ ಬೆಲ್ಟ್ ಕಟ್ಟಿಕೊಂಡು ಕುಳಿತಿತ್ತು. ಜರಿಯಂಚಿನ ಬಿಳಿ ರೇಷ್ಮೆ, ಹಣೆಯ ಮೇಲೆ ಥಳಥಳ ಪದಕ; ಹಿಂಬದಿಯಲ್ಲಿ ಮಾತ್ರ ಹೊಲಿಗೆ ಬಿಚ್ಚಿ ನಾಲ್ಕು ಬೆರಳಗಲ ಬಾಯಿ ತೆರೆದಿತ್ತು. ಎದುರಿನಿಂದ ನೋಡಿದರೆ ದಿವಾನರು, ಹಿಂದಿನಿಂದ ನೋಡಿದರೆ ಸಿಟಿ ಬಸ್ಸಿನಲ್ಲಿ ಜೇಬು ಕತ್ತರಿಸಿಕೊಂಡ ಪ್ರಯಾಣಿಕರು.

ಪೇಟದ ಒಡೆಯ ಧ್ರುವ, ಕೇಟಿಯ ಹುಡುಗ. ತಂದೆ ನಾಗರಾಜ್ ಅಂಕಲ್ ತೈಲ ಕಂಪನಿಗಳ ಸಾಲಾದ ಎನರ್ಜಿ ಕಾರಿಡಾರಿನಲ್ಲಿ ಎಂಜಿನಿಯರ್; ತಾಯಿ ಶೈಲಾ ಆಂಟಿ ಹುಬ್ಬಳ್ಳಿಯವರು, ಇಂಗ್ಲಿಷಿನಲ್ಲಿ ಊಟ ಕೇಳಿದರೆ ಬಡಿಸುವುದಿಲ್ಲ ಎಂದು ಮಗನಿಗೆ ಹುಬ್ಬಳ್ಳಿಯ ಮಾತನ್ನು ಉಣ್ಣಿಸಿದವರು. ಅವನು ಆಸ್ಟಿನ್ನಿನ ಕಾಲೇಜು ತಂಡದಲ್ಲಿ ಆಡುತ್ತಿದ್ದ. ಅಲ್ಲೇ ಮಾಸ್ಟರ್ಸ್ ಓದುತ್ತಿದ್ದ ನಾನು ಅವನಿಗೆ ಅಣ್ಣನಾದೆ. ಕೈಯಲ್ಲಿ ಹಿಡಿದು ಓಡುವ ಆಟಕ್ಕೆ ಕಾಲಿನ ಹೆಸರಿಟ್ಟ ಈ ದೇಶದಲ್ಲಿ, ಚೆಂಡನ್ನೇ ಮುಟ್ಟದೆ, ಚೆಂಡು ಹಿಡಿದವನ ಮೇಲೆ ಬೀಳಲು ಬರುವವರನ್ನು ಎದೆಯೊಡ್ಡಿ ತಡೆಯುವುದು ಅವನ ಕೆಲಸ. ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೆ ನುಗ್ಗುವವರನ್ನು ತಡೆಯಲು ಊಟದ ಹಾಲಿನ ಬಾಗಿಲಲ್ಲಿ ನಿಲ್ಲಿಸುವ ಸೋದರಮಾವನ ಕೆಲಸ, ಅಷ್ಟೆ.

ಅವನ ಕೋಚ್ ಸ್ಪಷ್ಟವಾಗಿ ಹೇಳಿದ್ದರು: ಇನ್ನೊಂದು ವರ್ಷ ಇರು, ಮೈ ಇನ್ನೂ ಗಟ್ಟಿಯಾಗಬೇಕು, ಕಾಲು ಇನ್ನೂ ನೆಲ ಹಿಡಿಯಬೇಕು. ಆದರೆ ಕೋಚ್ ಒಬ್ಬರು, ನಾವು ಬಹಳ ಜನ. ಮೂರು ವರ್ಷದ ಮಗುವಿನ ಹುಟ್ಟುಹಬ್ಬದಲ್ಲೂ ಪಿಎಚ್‌ಡಿ ಎಲ್ಲಿ ಮಾಡಿಸುತ್ತೀರಿ ಎಂದು ವಿಚಾರಿಸುವ ನಮ್ಮ ಅಂಕಲ್‌ಗಳು, ಡಿಗ್ರಿ ಬಿಟ್ಟವನನ್ನು ಜ್ವರ ಬಂದವನಂತೆ ದೂರದಿಂದಲೇ ಮಾತನಾಡಿಸುವ ಅದೇ ಅಂಕಲ್‌ಗಳು, ಟಿವಿಯಲ್ಲಿ ಒಮ್ಮೆ ಧ್ರುವನ ಬೆನ್ನು ಕಂಡದ್ದೇ ತಡ, ಕಾಲೇಜು ಎಂದರೆ ಯಾವುದೋ ಬಸ್ ಸ್ಟಾಪು ಎಂಬಂತೆ ಮಾತನಾಡತೊಡಗಿದರು.

ಇನ್ನು ನನ್ನ ಪಾಲು. ಮಿಮಿಕ್ರಿ ನನ್ನ ಹವ್ಯಾಸ. ವೃತ್ತಿಪರ ತಂಡಗಳು ಪ್ರತಿ ವಸಂತದಲ್ಲಿ ಕಾಲೇಜು ಆಟಗಾರರನ್ನು ಸರದಿಯ ಮೇಲೆ ಆರಿಸಿಕೊಳ್ಳುವ ಮೂರು ದಿನದ ಸಮಾರಂಭವೊಂದಿದೆ. ವೇದಿಕೆಯ ಮೇಲೆ ನಿಂತು ಒಬ್ಬೊಬ್ಬರ ಹೆಸರನ್ನೂ ಕೂಗುತ್ತಾರೆ. ಆ ಗಂಭೀರ ದನಿ ನನ್ನ ಗಂಟಲಿಗೆ ಹೇಳಿ ಹೊಲಿಸಿದಂತಿತ್ತು. ಮನೆಗೊಂದು ಅಡುಗೆ ತಂದು ಹಂಚಿ ಉಣ್ಣುವ ಪಾಟ್‌ಲಕ್ ಇದ್ದಲ್ಲೆಲ್ಲ ಸೌಟನ್ನೇ ಮೈಕ್ ಮಾಡಿಕೊಂಡು "ಧ್ರುವಾ... ನಾಗರಾಜ್!" ಎಂದು ಕೂಗುತ್ತಿದ್ದೆ, ಜನ ಪುಳಿಯೋಗರೆ ಬದಿಗಿಟ್ಟು ಚಪ್ಪಾಳೆ ತಟ್ಟುತ್ತಿದ್ದರು, ಧ್ರುವ ಕೆಂಪಾಗುತ್ತಿದ್ದ. ಹೀಗೆ ಕೂಗಿ ಕೂಗಿ, ಇನ್ನೂ ಆಗದ ಸಂಗತಿ ಎಲ್ಲರ ಮನಸ್ಸಿನಲ್ಲಿ ಆಗಿಹೋದದ್ದರಂತೆ ಕುಳಿತುಬಿಟ್ಟಿತು. ಅವನು ಏಜೆಂಟನ ಕಾಗದಕ್ಕೆ ಸಹಿ ಹಾಕಿದ. ಹಾಗೆ ಸಹಿ ಹಾಕಿದವನು ಮತ್ತೆ ಕಾಲೇಜಿಗೆ ಆಡುವಂತಿಲ್ಲ; ಕಾಲೇಜು ತಂಡದ ಬಾಗಿಲು ಹಿಂದಿನಿಂದ ಮುಚ್ಚಿತು.

ಅದರ ಮುಂದಿನ ತಿಂಗಳು ಡಾಲಸ್ ಬಳಿಯ ಮೆಕಿನ್ನಿಯಲ್ಲಿ ಯುಗಾದಿ ಕಾರ್ಯಕ್ರಮ. ಆಯ್ಕೆಗೆ ಇನ್ನೂ ವಾರಗಳಿದ್ದವು. ನಮ್ಮ ಕನ್ನಡ ಸಂಘದ ಅಧ್ಯಕ್ಷರಾದ ಮೂರ್ತಿ ಅಂಕಲ್ ಮಾತ್ರ ಕಾಯಲೊಲ್ಲರು. "ಆಮೇಲೆ ಅವನು ನಮ್ ಕೈಗೆ ಸಿಗ್ತಾನೇನ್ರೀ? ಈಗ್ಲೇ ಶಾಲು ಹೊದಿಸಿಬಿಡೋಣ!" ಎಂದರು. ಶಾಲು ಅವನ ಒಂದು ಭುಜಕ್ಕೆ ಸಾಕಾಯಿತು. ಪೇಟವಂತೂ ಆ ತಲೆಯ ಮೇಲೆ ಸ್ವಲ್ಪ ಹೊತ್ತು ಕುಳಿತು ಹಾರಿಹೋಗಲಿರುವ ಪಾರಿವಾಳದಂತೆ ಕೂತಿತು. ಆಂಟಿಯೊಬ್ಬರು ಪರದೆಯ ಹಿಂದೆ ಕತ್ತರಿ ತಂದು ಹಿಂಬದಿಯ ಹೊಲಿಗೆ ಬಿಚ್ಚಿ, ಎರಡು ಪಿನ್ ಚುಚ್ಚಿ, "ಹಿಂದೆ ತಿರುಗ್ಬೇಡಪ್ಪ ಮರೀ" ಎಂದು ಕಳುಹಿಸಿದರು. ಮೈಕಿನಲ್ಲಿ ಹೆಸರು ಕೂಗಿದವನು ಯಾರೆಂದು ಹೇಳಬೇಕಾಗಿಲ್ಲ.

ಆಯ್ಕೆಯ ಆ ಮೂರು ದಿನ ಧ್ರುವನ ಕೇಟಿಯ ಮನೆಯಲ್ಲಿ ನಲವತ್ತು ಜನ ಟಿವಿಯ ಮುಂದೆ ಕುಳಿತೆವು. ಮೊದಲ ದಿನ ಜಾಹೀರಾತು ಬಂದಾಗಲೆಲ್ಲ ನನ್ನ ಮಿಮಿಕ್ರಿ ನಡೆಯಿತು. ಎರಡನೆಯ ದಿನ ಯಾರೋ "ಸಾಕು ಕಣೋ" ಎಂದರು. ಮೂರನೆಯ ದಿನ ಸಂಜೆ ನಿಜವಾದ ದನಿ ಕೊನೆಯ ಹೆಸರನ್ನು ಕೂಗಿ ಮುಗಿಸಿದಾಗ ಆಂಟಿಯರು ತಮ್ಮ ತಮ್ಮ ಡಬ್ಬಿಗಳನ್ನು ಸದ್ದಿಲ್ಲದೆ ಎತ್ತಿಕೊಂಡರು. ಆಮೇಲೆ, ಹೆಸರು ಬಾರದವರನ್ನೂ ಪರೀಕ್ಷಿಸಿ ನೋಡುವ ಪದ್ಧತಿಯಂತೆ, ಒಂದು ತಂಡ ಡಾಲಸ್ಸಿನ ತನ್ನ ಬೇಸಿಗೆ ಶಿಬಿರಕ್ಕೆ ಅವನನ್ನು ಕರೆಯಿತು. ಎದುರಿಗೆ ನಿಂತವರು ಮೂವತ್ತರ ಗಂಡಸರು. "ಗ್ವಾಡಿ ತಳ್ಳಿದಂಗ ಆಗ್ತದಣ್ಣ" ಎಂದು ಅವನು ಒಮ್ಮೆ ಫೋನಿನಲ್ಲಿ ಹೇಳಿದ್ದ. ಆಗಸ್ಟಿನಲ್ಲಿ ಅವರು ಅವನನ್ನು ಕೈಬಿಟ್ಟರು. ಅಂದಿನಿಂದ ಅವನು ಕೇಟಿಯ ಮನೆಯೊಳಗೆ, ಪೇಟ ಸಂಘದ ಪೆಟ್ಟಿಗೆಯೊಳಗೆ.

ನವೆಂಬರಿನ ರಾಜ್ಯೋತ್ಸವದಲ್ಲಿ ಅದೇ ಪೇಟವನ್ನು ವಯಸ್ಸಾದ ಡಾಕ್ಟರೊಬ್ಬರಿಗೆ ತೊಡಿಸಲು ಹೋದರೆ ಡಾಕ್ಟರು ಗಲ್ಲದವರೆಗೆ ಮಾಯವಾದರು. "ಇದು ಧ್ರುವನ ತಲೆಗಷ್ಟೇ ಆಗೋದು, ಅವನಿಗೇ ಕೊಟ್ ಬಾ" ಎಂದು ಮೂರ್ತಿ ಅಂಕಲ್ ಅದನ್ನು ನನ್ನ ಕೈಗಿಟ್ಟರು. ಮರುವಾರ ಶೈಲಾ ಆಂಟಿಯ ಫೋನು: "ಜನವರಿಗೆ ಕ್ಲಾಸ್ ಶುರು ಆಗ್ತಾವ. ಉಳಿದ ವರ್ಷ ಮುಗಸ್ತಾನೋ ಇಲ್ಲೋ ಒಂದೂ ತಿಳೀವಲ್ದು. ನೀನರ ಬಂದು ಮಾತಾಡಪಾ."

ಹಾಗೆ ಹೊರಟ ಆ ದಾರಿಯಲ್ಲಿ ಒಂದು ವಿಷಯ ಹೊಳೆಯಿತು. ವಿಮಾನದ ಚಕ್ರ ನೆಲ ಮುಟ್ಟಿದೊಡನೆ ನಾವೆಲ್ಲ ಎದ್ದು ನಿಲ್ಲುತ್ತೇವಲ್ಲ? ಬಾಗಿಲು ತೆರೆದಿರುವುದಿಲ್ಲ, ತಲೆ ಎತ್ತಲು ಜಾಗವಿರುವುದಿಲ್ಲ, ಮೇಲಿನ ಲಗೇಜು ಪೆಟ್ಟಿಗೆಯ ಕೆಳಗೆ ಕತ್ತು ಬಗ್ಗಿಸಿಕೊಂಡು, ಎದುರಿನವರ ಬೆನ್ನು ನೋಡುತ್ತಾ ಇಪ್ಪತ್ತು ನಿಮಿಷ ಸೊಟ್ಟಗೆ ನಿಂತಿರುತ್ತೇವೆ. ಎದ್ದದ್ದಕ್ಕೆ ಬಾಗಿಲು ಒಂದು ಕ್ಷಣವೂ ಬೇಗ ತೆರೆಯುವುದಿಲ್ಲ. ಹಾಗೆಂದು ಕೂತಿರಲೂ ಆಗುವುದಿಲ್ಲ. ಧ್ರುವ ಎದ್ದ, ಅವನು ಉದ್ದವಿದ್ದುದರಿಂದ ಎಲ್ಲರಿಗೂ ಕಂಡ, ಅವನ ಕತ್ತಿಗೆ ಜಾಸ್ತಿ ನೋವಾಯಿತು. ನಾನೇನು ಕೂತಿದ್ದೆನೆ? ನಾಲ್ಕು ಪಾಟ್‌ಲಕ್ಕಿನ ಚಪ್ಪಾಳೆ ನಂಬಿ ‘ವೃತ್ತಿಪರ ಮಿಮಿಕ್ರಿ ಕಲಾವಿದ’ ಎಂದು ವಿಸಿಟಿಂಗ್ ಕಾರ್ಡ್ ಅಚ್ಚು ಹಾಕಿಸಿದ ಮಹಾನುಭಾವ ನಾನು. ಮೊದಲ ಆಹ್ವಾನ ಒಂದು ವರ್ಷದ ಕೂಸಿನ ಹುಟ್ಟುಹಬ್ಬಕ್ಕೆ. ನನ್ನ ಹುಲಿಯ ಗರ್ಜನೆಗೆ ಕೂಸು ಅತ್ತ ಅಳು ನಿಜವಾದ ಹುಲಿಗೂ ದಕ್ಕಿರಲಾರದು. ಉಳಿದ ಕಾರ್ಡುಗಳು ಈಗ ನನ್ನ ಪುಸ್ತಕಗಳಲ್ಲಿ ಪುಟದ ಗುರುತುಗಳಾಗಿವೆ.

ಕ್ಷಮೆ ಕೇಳುವುದನ್ನು ದಾರಿಯುದ್ದಕ್ಕೂ ಅಭ್ಯಾಸ ಮಾಡಿದೆ. ಮೊದಲು ಬಂದದ್ದು ಮೂರ್ತಿ ಅಂಕಲ್ ದನಿ. ಆಮೇಲೆ ನಾಗರಾಜ್ ಅಂಕಲ್ ಕೆಮ್ಮು. ನನ್ನ ಸ್ವಂತ ದನಿ ಸಿಗಲು ಬ್ರೂಕ್‌ಶೈರ್ ದಾಟಬೇಕಾಯಿತು, ಆಗ ಕೇಟಿ ಬಂದೇಬಿಟ್ಟಿತ್ತು.

ಗರಾಜಿನ ಬಾಗಿಲು ತೆರೆದಿತ್ತು. ಧ್ರುವ ಮಂಡಿಯೂರಿ ಕುಳಿತು ರಟ್ಟಿನ ಪೆಟ್ಟಿಗೆಗೆ ಪುಸ್ತಕ ತುಂಬುತ್ತಿದ್ದ.

"ಎಲ್ಲಿಗೋ?" ಎಂದೆ.

"ಆಸ್ಟಿನ್‌ಗೆ. ರಿಜಿಸ್ಟರ್ ಮಾಡಿ ಎರಡು ವಾರ ಆತು."

"ನಿಮ್ಮಮ್ಮಂಗೆ ಗೊತ್ತೇ ಇಲ್ವಲ್ಲೋ!"

"ಅವ್ವ ನಿನಗ ಕೇಳಿದ್ಲು. ಅಪ್ಪ ಕೌನ್ಸೆಲರ್‌ಗೆ ಕೇಳಿದ. ನನ್ನ ಒಬ್ರೂ ಕೇಳಲಿಲ್ಲ" ಎಂದು ಟೇಪು ಹರಿದ.

ಅವನ ಹೆಸರನ್ನು ಕೂಗಲು ಎರಡು ಊರಿನ ಜನ ಸೇರಿದ್ದೆವು; ಅವನನ್ನು ಒಂದು ಮಾತು ಕೇಳಲು ಒಬ್ಬರಿಗೂ ಹೊಳೆದಿರಲಿಲ್ಲ. ಅಷ್ಟಾದರೂ, ತಯಾರಿ ಮಾಡಿಕೊಂಡು ಬಂದ ಭಾಷಣವನ್ನು ಬಿಡುವವನೇ ನಾನು? ಪೇಟವನ್ನು ಎರಡೂ ಕೈಯಲ್ಲಿ ಹಿಡಿದು, ನನ್ನದೇ ದನಿಯಲ್ಲಿ, ನನ್ನ ಸೌಟು, ನನ್ನ ಗಂಟಲು, ನನ್ನ ಕೂಗೇ ಅವನನ್ನು ಹೊತ್ತಿಗೆ ಮುಂಚೆ ಎಬ್ಬಿಸಿ ಕೆಡವಿತೆಂದು ಪೂರ್ತಿ ಹೇಳಿ ಮುಗಿಸಿದೆ. ಕಣ್ಣಲ್ಲಿ ನೀರೂ ಬಂತು; ಅದು ಮಾತ್ರ ಮಿಮಿಕ್ರಿ ಅಲ್ಲ.

ಧ್ರುವ ಎದ್ದು ನಿಂತ. "ಕೋಚ್ ಬ್ಯಾಡ ಅಂದ್ರು. ನನಗ ಹೋಗಬೇಕನಸ್ತು, ಹೋದೆ. ಆ ಗ್ವಾಡಿನ ಒಂದ್ಸಲ ಎರಡು ಹೆಜ್ಜಿ ಹಿಂದಕ್ಕೂ ತಳ್ಳೀನಿ, ಅದನ್ನ ಯಾರೂ ನೋಡಲಿಲ್ಲ" ಎಂದ. ಆಮೇಲೆ ಪೇಟವನ್ನು ನನ್ನ ಕೈಯಿಂದ ತೆಗೆದುಕೊಂಡು ನನ್ನ ತಲೆಯ ಮೇಲಿಟ್ಟ. ಅದು ಹಣೆ, ಹುಬ್ಬು, ಕಣ್ಣು ಎಲ್ಲವನ್ನೂ ದಾಟಿ ಜಾರಿ ಮೂಗಿನ ಮೇಲೆ ನಿಂತಿತು. ಆ ರೇಷ್ಮೆಯ ಕತ್ತಲಲ್ಲಿ, ಗಾಂಭೀರ್ಯದಿಂದ ಮೂಗೊಡ್ಡಿ ನಿಂತ ನನಗೆ ಅವನ ದನಿಯಷ್ಟೇ ಕೇಳಿಸಿತು:

"ಅಣ್ಣಾ, ನಿನ್ನ ಮಿಮಿಕ್ರಿ ಅಷ್ಟೇನ್ ಚೊಲೋ ಇಲ್ಲ."