ಕಾಶವ್ವನಿಗೆ ನಾನು ಹಾಕಿದ ಆಣೆ

ಮನುಷ್ಯನನ್ನು ಪಶುಗಳಿಂದ ಬೇರೆ ಮಾಡುವುದು ಮಾತು ಎಂದು ಬಲ್ಲವರು ಬಹಳ ಗಂಭೀರವಾಗಿ ಹೇಳುತ್ತಾರೆ. ಅವರಲ್ಲಿ ಯಾರೂ ಬನಹಟ್ಟಿಯ ಪವರ್‌ಲೂಮ್ ಶೆಡ್ಡಿನಲ್ಲಿ ಒಂದು ತಾಸು ನಿಂತವರಲ್ಲ. ನಿಂತಿದ್ದರೆ, ಬೇರೆ ಮಾಡುವುದು ಕಿವಿಯೊಳಗೆ ತುರುಕಿದ ಹತ್ತಿ ಎಂದು ತಿದ್ದಿಕೊಳ್ಳುತ್ತಿದ್ದರು. ಅದಿರಲಿ. ನಾನು ಒಪ್ಪಿಕೊಳ್ಳಬೇಕಾದದ್ದು ಇದು — ನನ್ನ ತಂಗಿ ಕಾಶವ್ವ ಹನ್ನೊಂದು ವರ್ಷ ಮೂಕಿಯಾಗಿದ್ದಳು. ಏಕೆಂದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಡಾಕ್ಟರು ಕೇಳಿದಾಗ ಗೊತ್ತಿಲ್ಲ ಎಂದೆ.

ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದವಳು ಕಾಶವ್ವ. ನಾನು ದುಡಿಯುತ್ತಿದ್ದ ಶೆಡ್ಡಿನ ಮೂಲೆಯಲ್ಲೇ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ನನ್ನ ಮಗ್ಗದ ಪಕ್ಕದ ಮಗ್ಗ ಗೆಳೆಯ ಯಲ್ಲಪ್ಪನದು. ಹದಿನಾರು ಮಗ್ಗಗಳ ಸದ್ದಿನಲ್ಲಿ ದನಿ ಎತ್ತಿ ಪ್ರಯೋಜನವಿಲ್ಲ. ಹಾಗಾಗಿ ನಾವೆಲ್ಲ ತುಟಿಯಲ್ಲೇ ಮಾತಾಡುತ್ತಿದ್ದೆವು — ದನಿಯಿಲ್ಲದೆ, ಬರೀ ತುಟಿ, ಕಣ್ಣು, ಬೆರಳು. ಹಂಚಿನ ಸಂದಿಯಿಂದ ಇಳಿದ ಬಿಸಿಲಿನಲ್ಲಿ ಹತ್ತಿಯ ಎಳೆಗಳು ತೇಲುತ್ತಿದ್ದವು. ಬಾಗಿಲಲ್ಲಿ ನಿಂತು ನೋಡಿದರೆ ನೀರಿನಾಳದಲ್ಲಿ ಮೀನುಗಳು ಕೂತು ಸಂಸಾರದ ಸುದ್ದಿ ಹೇಳಿಕೊಂಡಂತೆ — ಈಗಲೂ ಆ ಶೆಡ್ಡು ನನಗೆ ಕನಸಿನಲ್ಲಿ ಹಾಗೇ ಕಾಣುತ್ತದೆ.

ಹಿಪ್ಪರಗಿಯಲ್ಲಿ ಬ್ಯಾರೇಜಿನ ಕೆಲಸ ನಡೆದಿದ್ದ ಕಾಲ. ಒಂದು ಮಧ್ಯಾಹ್ನ ಕರೆಂಟು ಹೋಯಿತು. ಯಲ್ಲಪ್ಪ ತನ್ನ ಸ್ವಿಚ್ಚು ಬಂದ್ ಮಾಡಿ, ಗಾಲಿಯ ಹಲ್ಲುಗಳಲ್ಲಿ ಸಿಕ್ಕ ನೂಲು ಬಿಡಿಸಲು ಮಗ್ಗದ ಹಿಂದೆ ಬಗ್ಗಿದ. ನಾನು ಚಹಾಕ್ಕೆ ಹೊರಟವನು ದಾರಿಯಲ್ಲಿ ಅವನ ಸ್ವಿಚ್ಚು ಹಾಕಿ ನೋಡಿದೆ. ಕರೆಂಟು ಬಂತೇನೋ ಎಂದು ಕೈಗೆ ಸಿಕ್ಕ ಸ್ವಿಚ್ಚು ಹಾಕಿ ನೋಡುವುದು ನಮ್ಮೂರ ನೇಕಾರರ ಚಟ. ಮಳೆ ಬಂತೇನೋ ಎಂದು ಅಂಗೈ ಚಾಚಿದಷ್ಟೇ ಸಹಜ. ಬಂದಿರಲಿಲ್ಲ. ಮತ್ತೆ ಬಂದ್ ಮಾಡುವುದನ್ನು ಮರೆತು ಬಾಗಿಲಿಗೆ ಹೋದೆ. ಯಲ್ಲಪ್ಪ ಮಗ್ಗದ ಹಿಂದಿದ್ದದ್ದು ಕಾಣಲಿಲ್ಲ — ನೋಡಲಿಲ್ಲ ಎನ್ನುವುದೇ ಸರಿ. ಅಷ್ಟರಲ್ಲಿ ಕರೆಂಟು ಬಂತು.

ಬಲಗೈಯ ಎರಡು ಬೆರಳು ಹೋದವು. ಗೋಣಿಚೀಲದ ಮೇಲೆ ಮಲಗಿಸಿದಾಗ ಅವನು ನನ್ನನ್ನೇ ನೋಡುತ್ತ, “ಸ್ವಿಚ್ ಬಂದ್ ಮಾಡೂದು ಮರ್ತೆನಲೇ ಮಲ್ಲ್ಯಾ... ನಂದ ತಪ್ಪು,” ಎಂದ.

ನಾನು “ಹೂಂ” ಎಂದೆ.

ಮೂಲೆಯಲ್ಲಿದ್ದ ಕಾಶವ್ವ ಎಲ್ಲವನ್ನೂ ನೋಡಿದ್ದಳು. ಸಂಜೆ ಹಿತ್ತಲಲ್ಲಿ ಅವಳ ಕೈಯನ್ನು ನನ್ನ ತಲೆಯ ಮೇಲೆ ನಾನೇ ಇಟ್ಟುಕೊಂಡೆ. “ನನ್ನ ಆಣಿ ಐತಿ, ಕಾಶಿ. ಈ ಮಾತು ನಿನ್ನ ಬಾಯಿಂದ ಹೊರಗ ಬಂತಂದ್ರ ಅಣ್ಣ ಸತ್ತಾಂತ ತಿಳಿ.”

ಗಂಡನನ್ನು ಕಳೆದುಕೊಂಡ ಹೆಣ್ಣಿಗೆ ನಾನು ಹೇಳಿದ್ದು ಇದು.

ಮರುದಿನದಿಂದ ಅವಳ ದನಿ ನಿಂತಿತು. ಎಂಟು ದಿನ ಯಾರಿಗೂ ತಿಳಿಯಲಿಲ್ಲ. ಶೆಡ್ಡಿನಲ್ಲಿ ಅವಳ ತುಟಿ ಎಂದಿನಂತೆ ಆಡುತ್ತಿತ್ತು. ಮನೆಯಲ್ಲಿ ಅತ್ತಿಗೆ-ನಾದಿನಿ ಮಾತಾಡದಿರುವುದನ್ನು ನಮ್ಮ ಓಣಿ ರೋಗವೆಂದು ಎಣಿಸುವುದಿಲ್ಲ. ಅಮಾವಾಸ್ಯೆಗೆ ಮಗ್ಗಗಳು ನಿಂತ ದಿನ ನನ್ನ ಹೆಂಡತಿ ಸಂಗವ್ವ ಬಂದು, “ಕಾಶವ್ವ ಕೆಮ್ಮಿದ್ದ ಬಿಟ್ರ ಏನೂ ಅಂದಿಲ್ರಿ. ನಾ ಏನರ ಅಂದೆನೇನು?” ಎಂದು ಕಣ್ಣೀರು ಹಾಕಿದಳು.

ಆಮೇಲೆ ನಮ್ಮ ದಿಗ್ವಿಜಯ ಯಾತ್ರೆ. ಜಮಖಂಡಿಯ ಗಂಟಲು ಡಾಕ್ಟರು ಕೆಮ್ಮಿಸಿ ನೋಡಿದರು. ಕೆಮ್ಮಿನಲ್ಲಿ ದನಿ ಸ್ಪಷ್ಟವಾಗಿತ್ತು. ಬೆಳಗಾವಿಯ ನರರೋಗದ ಡಾಕ್ಟರು ತಲೆಯ ಸ್ಕ್ಯಾನ್ ಮಾಡಿಸಿದರು. ಮಿದುಳಿನ ಎಡಭಾಗಕ್ಕೆ ರಕ್ತ ಹರಿಯದೆ ಮಾತು ಹೋಗುವುದುಂಟು, ಆದರೆ ಹಾಗಾದವರಿಗೆ ಬರೆಯುವುದೂ ತಪ್ಪುತ್ತದೆ, ಎಷ್ಟೋ ಸಲ ಬಲಗೈಯೂ ಸೋಲುತ್ತದೆ ಎಂದರು. ಕಾಶವ್ವ ನಾಲ್ಕನೇ ಇಯತ್ತೆಯ ಅಕ್ಷರದಲ್ಲಿ ತನ್ನ ಹೆಸರನ್ನು ಒಂದೂ ತಪ್ಪಿಲ್ಲದೆ ಬರೆದಳು. ಕೊನೆಗೆ ಅಲ್ಲಿಯ ಮನೋರೋಗದ ಡಾಕ್ಟರಮ್ಮ. “ದನಿ ಕೆಟ್ಟಿಲ್ಲ. ನಾಟಕಾನೂ ಅಲ್ಲ. ಯಾವುದೋ ಭಯ ತಡೆದು ಹಿಡಿದಿದೆ, ಅದು ಅವರ ಕೈಯಲ್ಲಿಲ್ಲ,” ಎಂದು, ಅವಳ ಮುಂದೆ ಹಾಳೆ ಸರಿಸಿ, ಏನಾಯಿತೆಂದು ಬರೆಯಲು ಹೇಳಿದರು.

ಅವಳು ಪೆನ್ನು ಹಿಡಿದು ನನ್ನನ್ನು ನೋಡಿದಳು. ಆಮೇಲೆ ಬರೆದಳು — ನಮ್ಮ ಅಣ್ಣನ ಕೇಳ್ರಿ.

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. ಕಿಟಕಿಯ ಬೆಳಕಿನಲ್ಲಿ ಧೂಳು ತೇಲುತ್ತಿತ್ತು. “ಏನೂ ಆಗಿಲ್ರಿ, ಮೇಡಂ,” ಎಂದೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಅವಳು ನನ್ನ ಹೆಗಲ ಮೇಲೆ ನಿದ್ದೆ ಹೋದಳು. ಹೊರಗೆ ಕಬ್ಬಿನ ಹೊಲಗಳು ಅಲೆಯಲೆಯಾಗಿ ಹಿಂದೆ ಸರಿಯುತ್ತಿದ್ದವು. ನಿದ್ದೆಯಲ್ಲಿ ಅವಳ ತುಟಿ ಅಲುಗುತ್ತಿತ್ತು — ಏನೋ ಹೇಳುತ್ತಿದ್ದಳು, ಒಂದೇ ಮಾತನ್ನು ಮತ್ತೆ ಮತ್ತೆ. ತುಟಿ ಓದುವುದರಲ್ಲಿ ಇಡೀ ಶೆಡ್ಡಿಗೇ ನಾನು ಪಂಡಿತ. ಕಬ್ಬು ನೋಡುತ್ತ ಕೂತೆ.

ವರ್ಷಗಳು ಹೋದವು. ಎರಡು ಬೆರಳಿಲ್ಲದೆ ಹರಿದ ಎಳೆಗೆ ಗಂಟು ಹಾಕಲಾಗದ ಯಲ್ಲಪ್ಪ ಮಗ್ಗ ಬಿಟ್ಟು, ಮುಧೋಳದ ಕಡೆ ಒಂದು ಕಾರ್ಖಾನೆಯ ಗೇಟು ಕಾಯಲು ಹೋದ. ಮಗಳ ಮದುವೆಗೆ ಕರೆಯಲು ಒಂದು ಬೆಳಿಗ್ಗೆ ನಮ್ಮ ಮನೆಗೆ ಬಂದ. ಸಂಗವ್ವ ಮಿಕ್ಸರಿನಲ್ಲಿ ಚಟ್ನಿ ರುಬ್ಬುತ್ತಿದ್ದಾಗ ಕರೆಂಟು ಹೋಯಿತು.

“ವೈನಿ, ಮೊದಲ ಬಟನ್ ಬಂದ್ ಮಾಡ್ರಿ,” ಎಂದು ಯಲ್ಲಪ್ಪ ಕೂತಲ್ಲಿಂದಲೇ ಕೂಗಿದ. ಬೆರಳಿಲ್ಲದ ಕೈ ಎತ್ತಿ ತೋರಿಸಿ ನಕ್ಕ. “ನನ್ನಂಥಾ ಮಬ್ಬ ಆಗಬ್ಯಾಡ್ರಿ!”

ಚಹಾ ತಂದ ಕಾಶವ್ವ ಅಲ್ಲೇ ನಿಂತಳು. ನನ್ನನ್ನು ನೋಡಿದಳು. ತುಟಿ ಅಲುಗಿತು — ಹೇಳು, ಅಣ್ಣಾ. ಈ ಸಲ ಓದಿದೆ.

“ಯಲ್ಲಪ್ಪಾ, ನೀ ಬಂದ್ ಮಾಡಿದ್ದೀ. ಹಾಕಿದಾಂವ ನಾನು.” ತಂಗಿಯ ಕಡೆ ತಿರುಗಿ, “ಕಾಶಿ, ನನ್ನ ಆಣಿ ನಾ ಹಿಂದಕ್ಕ ತಗೊಂಡೆ,” ಎಂದೆ.

ಯಲ್ಲಪ್ಪ ತನ್ನ ಕೈಯನ್ನು ನೋಡಿಕೊಂಡ. “ಹನ್ನೊಂದು ವರ್ಷ ನನ್ನ ನಾನ ಬೈಕೊಂಡೀನಲೇ ಮಲ್ಲ್ಯಾ. ಅದನ್ನ ಯಾರು ಹಿಂದಕ್ಕ ತಗೋತಾರ?” ಮದುವೆಯ ಕಾರ್ಡನ್ನು ಸಂಗವ್ವನ ಕೈಗೆ ಕೊಟ್ಟ. “ನೀವೂ ಕಾಶವ್ವನೂ ಬರ್ರಿ, ವೈನಿ.” ಚಹಾ ಹಾಗೇ ಇತ್ತು.

ಬಯಲಾಟದಲ್ಲಾದರೆ ಈ ಹೊತ್ತಿಗೆ ಶಾಪ ವಿಮೋಚನೆಯಾಗಿ ಕಾಶವ್ವ ಪದ ಹಾಡಬೇಕಿತ್ತು. ಅವಳು ಬಾಯಿ ತೆರೆದಳು. ಬರೀ ಗಾಳಿ ಬಂತು. ಮತ್ತೆ ಬೆಳಗಾವಿಗೆ ಹೋಗಿ ಡಾಕ್ಟರಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ. “ಇದನ್ನ ಅವತ್ತೇ ಹೇಳಿದ್ದರೆ...” ಎಂದು ಅಷ್ಟಕ್ಕೇ ಬಿಟ್ಟರು. ಆ ಅರ್ಧ ವಾಕ್ಯವನ್ನು ನಾನು ಪ್ರತಿದಿನ ಒಂದೊಂದು ರೀತಿ ಮುಗಿಸುತ್ತಿದ್ದೇನೆ. ಕೆಮ್ಮಿನ ದನಿಯನ್ನೇ ಎಳೆದು ‘ಆ’ ಮಾಡಿಸಿದರು, ‘ಆ’ ಹಿಡಿದು ‘ಅವ್ವ’ ಮಾಡಿಸಿದರು. ಎಂಟು ತಿಂಗಳು ಹಿಡಿಯಿತು.

ಈಗ ಕಾಶವ್ವ ಸಂಗವ್ವನೊಂದಿಗೆ ಮಾತಾಡುತ್ತಾಳೆ. ಫೋನಿನಲ್ಲಿ ಯಲ್ಲಪ್ಪನೊಂದಿಗೂ ಮಾತಾಡುತ್ತಾಳೆ. ನನ್ನೊಂದಿಗೆ ಇದುವರೆಗೆ ಮಾತಾಡಿಲ್ಲ.